ಕಡಲೆ ಹೊಲದ ಜಿಂಕೆ ಮರಿ

ಬುಧವಾರ, ೧೫ ಜನವರಿ ೨೦೨೫

ಜಿಂಕೆ ಮರಿ ಮಧ್ಯಾಹ್ನ ಸತ್ತಿತು. ಸೋಮವಾರ ನಮ್ಮ ಕಡಲೆ ಹೊಲದಲ್ಲಿ ಅದು ಅಲ್ಲಾಡದೆ ಮಲಗಿತ್ತು. ತಾಯಿ ಬಿಟ್ಟುಹೋಗಿದೆ ಎಂದುಕೊಂಡು ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ.

“ಅಲ್ಲೇ ಇಟ್ಟು ಬಾ, ಉಜ್ವಲಾ. ಅದರ ತಾಯಿ ಮೇಯಾಕ ಹೋಗ್ಯದ, ಸಂಜಿಗಿ ಬರ್ತದ,” ಎಂದರು ಅತ್ತೆ.

“ನಾಯಿ ಹಿಡೀತಾವರೀ ಅತ್ತಿ,” ಎಂದು ಹಠ ಹಿಡಿದೆ. ನಮ್ಮ ದೇವಣಿ ತಳಿಯ ಆಕಳ ಹಾಲನ್ನು ಬಾಟಲಿಯಲ್ಲಿ ಕುಡಿಸಿದೆ. ಅವತ್ತು ರಾತ್ರಿಯೇ ಮರಿಗೆ ಭೇದಿ ಶುರುವಾಯಿತು.

ಇವತ್ತು ಸಂಜೆ ಹೂಳಲೆಂದು ಹೊಲಕ್ಕೆ ಒಯ್ದೆ. ಅದು ಮಲಗಿದ್ದ ಸಾಲಿನಲ್ಲೇ ತಾಯಿ ಜಿಂಕೆ ನಿಂತಿತ್ತು. ಕೆಚ್ಚಲು ಬಿಗಿದಿತ್ತು. ನನ್ನನ್ನು ಕಂಡರೂ ದೂರ ಓಡಲಿಲ್ಲ. ಅದರ ಮುಂದೆ ಗುಂಡಿ ತೋಡಲು ಕೈ ಏಳಲಿಲ್ಲ. ಮರಿಯನ್ನು ನೆಲಕ್ಕಿಟ್ಟು ಹಿಂದೆ ಸರಿದೆ. ತಾಯಿ ಬಂದು ಮೂಸಿತು, ನೆಕ್ಕತೊಡಗಿತು.

ನನಗೆ ನೋಡಲಾಗಲಿಲ್ಲ. ಗುದ್ದಲಿ ಅಲ್ಲೇ ಬಿಟ್ಟು ಬಂದೆ.