ಕೊನೆಯ ಎಂಟು ಮನೆಗಳು

ಹೊಲಿಗೆ ಕೋಣೆಯಿಂದ,
೧೨ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಎಕ್ಸ್‌ರೇ ಕೋಣೆಯಲ್ಲಿ ಆ ಸೀಸದ ಅಂಗಿ ಹೊತ್ತು ನಿಂತು ನಿಂತು ಭುಜ ಹಿಡಿದುಕೊಂಡಿದೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದೆಯಂತೆ. ಅದರ ಭುಜಪಟ್ಟಿಯ ಅಳತೆ ಬರೆದು ಕಳಿಸು, ಹತ್ತಿ ತುಂಬಿದ ಮೆತ್ತೆ ಹೊಲಿದು ಕೊಡುತ್ತೇನೆ. ಡ್ಯೂಟಿ ಡ್ಯೂಟಿ ಎಂದು ಊಟ ಬಿಡಬೇಡ. ಊರವರ ಮೂಳೆ ನೋಡುವವಳು ತಾನೇ ಮೂಳೆಯಾದರೆ ನಗುವವರೇ ಜಾಸ್ತಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ಆದರೆ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಬಾಯಿ ತೆರೆಯುವುದಕ್ಕೂ ಸೋಮಾರಿತನ. ಏನು ಹೇಳಿದರೂ ಮೀಸೆಯೊಳಗೇ ಹೇಳುತ್ತಾರೆ, ಎರಡು ಸಲ ಕೇಳಿದರೆ ಸಿಡುಕುತ್ತಾರೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಾಗಿನಿಂದ ಅದು ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆಯುತ್ತಿದೆ. ನಿನ್ನ ಹೆಸರಿನವರು ಮಾತ್ರ ನಮ್ಮ ಕಿಟಕಿ ಬಿಟ್ಟು ಹೋದರು, ಈ ವರ್ಷ ಒಂದು ಗುಬ್ಬಿಯ ದನಿಯೂ ಇಲ್ಲ.

ನಿನ್ನೆಯಿಂದ ನನಗೆ ಕೆಲಸದಲ್ಲಿ ಗಮನವೇ ಇಲ್ಲ. ಪಕ್ಕದ ಮನೆಯವರ ಪ್ಯಾಂಟಿಗೆ ಎಡಗಾಲಿನ ಮಡಿಕೆಯನ್ನೇ ಎರಡು ಸಲ ಹೊಲಿದು ಬಲಗಾಲನ್ನು ಹಾಗೇ ಬಿಟ್ಟಿದ್ದೇನೆ. ವಿಷಯ ಏನೆಂದರೆ, ನಮ್ಮ ಚರ್ಚಿಗೆ ಹೊಸ ಆರ್ಗನ್ ಬರುತ್ತಿದೆ. ಶುಕ್ರವಾರ ಬೆಳಿಗ್ಗೆ ಅಂಗಡಿಯಿಂದ ಗಾಡಿ ಹೊರಡುತ್ತದೆ, ಹೊಸದನ್ನು ಇಳಿಸಿ ಹಳೆಯದನ್ನು ಹೇರಿಕೊಂಡು ಹೋಗುತ್ತದೆ. ಭಾನುವಾರ ಸಭೆಯ ವಾರ್ಷಿಕೋತ್ಸವದಲ್ಲಿ ಪ್ರತಿಷ್ಠೆ. ಗಾಡಿ ಹೊರಡುವ ಮೊದಲು ನಾನು ಒಂದು ಮಾತು ಹೇಳಿದರೆ ಎಲ್ಲವೂ ನಿಲ್ಲುತ್ತದೆ. ಹೇಳಿದರೆ ಈ ಊರಿನಲ್ಲಿ ಯಾರಿಗೂ ಮುಖ ತೋರಿಸುವ ಹಾಗಿಲ್ಲ. ಹೇಳದಿದ್ದರೆ… ತಡಿ, ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ತಲೆಬುಡ ಸಿಗುವುದಿಲ್ಲ.

ಹೋದ ವಾರ್ಷಿಕೋತ್ಸವ ನಿನಗೆ ಮರೆತಿರುವುದಿಲ್ಲ. ರಜೆಗೆ ಬಂದಿದ್ದೆ. ಬೇಡ ಬೇಡ ಎಂದವಳನ್ನು ನಾನೇ ಆರ್ಗನ್ ಮುಂದೆ ಕೂರಿಸಿ, ಪಕ್ಕದಲ್ಲಿ ನಿಂತು ಹಾಳೆ ತಿರುವುತ್ತಿದ್ದೆ. ಮೊದಲ ಹಾಡಿಗೆ ಮುಂಚೆ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗಿ ತುದಿ ಮುಟ್ಟುವ ಸ್ವರಗಳಿವೆಯಲ್ಲ, ಅವನ್ನು ನಿನಗೆ ಏಳು ವರ್ಷವಾಗಿದ್ದಾಗ ಕಲಿಸಿದ್ದೆ. ಬೆರಳಲ್ಲಿ ಒತ್ತುವ ಆ ಕಪ್ಪು ಬಿಳಿ ಪಟ್ಟಿಗಳನ್ನು ನಾವು ಮನೆ ಎಂದು ಕರೆಯುವುದರಿಂದ, ಒಂದೊಂದರಲ್ಲೂ ಒಬ್ಬೊಬ್ಬರು ವಾಸವಾಗಿದ್ದಾರೆ ಎಂದು ನೀನು ಆಗ ನಂಬಿದ್ದೆ. ಎಡಗಡೆಯ ಮನೆಗಳಲ್ಲಿ ಗೊರಕೆ ಹೊಡೆಯುವ ತಾತಂದಿರು, ಬಲಗಡೆಯ ಕಟ್ಟಕಡೆಯ ಮನೆಯಲ್ಲಿ ನೀನು. ಅವತ್ತು ನೀನು ಹತ್ತುತ್ತಾ ಹೋದೆ, ಕೊನೆಯ ಎಂಟು ಮನೆ ಬಂದಾಗ ನನಗೆ ಸದ್ದು ನಿಂತಿತು. ಸ್ವರ ನುಂಗಿಬಿಟ್ಟಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ಒಂದು ಮಾತು ಅಂದೆ. ಕಿವಿಯಲ್ಲಿ ಪಿಸುಗುಟ್ಟಿದೆ ಅಂತ ನಾನು, ಕೊನೆಯ ಬೆಂಚಿನವರೆಗೆ ಕೇಳಿಸಿತು ಅಂತ ನಿಮ್ಮಪ್ಪ. ನೀನು ಊಟ ಮಾಡದೆ ಮಧ್ಯಾಹ್ನದ ಬಸ್ಸು ಹತ್ತಿದೆ. ವರ್ಷವಾಯಿತು, ಈ ಕಡೆ ತಲೆ ಹಾಕಿಲ್ಲ. ಆ ಮಾತು ಈಗ ಬೇಡ.

ಮಾರನೆಯ ದಿನ ನಾನೊಬ್ಬಳೇ ಹೋಗಿ ಒತ್ತಿ ನೋಡಿದೆ. ಕೊನೆಯ ಎಂಟು ಮನೆಗಳಲ್ಲಿ ಯಾರೂ ಇಲ್ಲ! ಕಾಲಡಿಯ ತಿದಿ ಉಸಿರು ಬಿಡುವುದು ಬಿಟ್ಟರೆ ಏನೂ ಇಲ್ಲ. ಅಯ್ಯೋ, ಅರ್ಧ ತಪ್ಪು ಪೆಟ್ಟಿಗೆಯದು, ಬಾರಿಸಿದೆ ಕೇಳಿಸಿತು ಎಂದು ವಾದ ಮಾಡಿದ ಅರ್ಧ ತಪ್ಪು ಮಾತ್ರ ಹುಡುಗಿಯದು ಎಂದುಕೊಂಡೆ. ಅವತ್ತೇ ನಿನಗೆ ನಾಲ್ಕು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಹೊಸ ಆರ್ಗನ್ ತರಿಸಿ ಅದರ ಮುಂದೆ ನಿನ್ನನ್ನು ಕೂರಿಸಿದರೆ ಬಾಯಿ ಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಎಂದು ಉಪಾಯ ಮಾಡಿದೆ. ನಿನ್ನ ಅಮ್ಮನ ಜಂಬ ನಿನಗೆ ಗೊತ್ತಲ್ಲ, ಸೂಜಿ ಬಗ್ಗಿದರೂ ಅವಳು ಬಗ್ಗುವುದಿಲ್ಲ.

ಕಮಿಟಿ ಕರೆಸಿದೆ. ನಮ್ಮ ಕಮಿಟಿಯಲ್ಲಿ ಅರವತ್ತೈದರ ಕೆಳಗಿನವರು ಯಾರೂ ಇಲ್ಲ, ಅದನ್ನು ಈಗ ನೆನೆದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಐದೂ ಜನ ಆರ್ಗನ್ನಿಗೆ ಕಿವಿ ಕೊಟ್ಟು ನಿಂತರು. ನಾನು ಒತ್ತಿದೆ. ಗಡಿಯಾರ ರಿಪೇರಿಯಣ್ಣ ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ಸತ್ತೋಗಿದೆ" ಅಂದರು. ಮಿಕ್ಕವರೂ ಹೌದು ಹೌದು ಅಂದರು. ಪಕ್ಕದಲ್ಲಿ ನಿಂತಿದ್ದ, ಹೊಸದಾಗಿ ಬಂದಿರುವ ಹರೆಯದ ಪಾದ್ರಿ ಅಯ್ಯನವರು ಮಾತ್ರ, "ನಂಗೇನೋ ಸಣ್ಣಗೆ ಕೇಳಿಸ್ದ ಹಾಗಾಯ್ತು" ಅಂದರು. ಅವರು ಹಾಡಿದರೆ ಹಿಂದಿನ ಬೆಂಚಿನವರು ಕೆಮ್ಮಿ ಮುಚ್ಚಬೇಕು, ಅಂಥ ಕಂಠ. ಗಡಿಯಾರದಣ್ಣ ಸುಮ್ಮನೆ ಬಿಡುತ್ತಾರೆಯೇ? "ಅಯ್ಯನವರೇ, ಬೋಧನೆ ನೀವು ನೋಡ್ಕೊಳ್ಳಿ, ಸಂಗೀತ ನಮಗೆ ಬಿಡಿ" ಅಂದುಬಿಟ್ಟರು. ಪಾಪ, ಅವರು ಕೆಂಪಗಾಗಿ ಹಿಂದಕ್ಕೆ ಸರಿದರು. ಮೆಥೊಡಿಸ್ಟರ ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಹಾಡಿರಬೇಕು ಎಂದು ನಾನೂ ಒಂದು ಭಾಷಣ ಬಿಗಿದೆ. ಭಾನುವಾರದ ಶಾಲೆಯ ಸೂರು ಸೋರುತ್ತಿದೆ, ಮೊದಲು ಅದನ್ನು ಮಾಡಿಸೋಣ ಎಂದು ಸೂಲಗಿತ್ತಿಯಕ್ಕ ಹೇಳಿದ್ದಕ್ಕೆ, ಮಕ್ಕಳು ಮೂಲೆಗೆ ಸರಿದು ಕೂರಲಿ ಅಂದವಳು ನಾನೇ.

ಆಮೇಲೆ ಈ ವರ್ಷ ನಮ್ಮ ಸಭೆ ಮಾಡಿದ್ದನ್ನು ನೀನು ನೋಡಬೇಕಿತ್ತು ಗುಬ್ಬೀ. 'ಮನೆಗೊಂದು ಮನೆ' ಎಂದು ಹೆಸರಿಟ್ಟವರು ಅಯ್ಯನವರ ಹೆಂಡತಿ. ಆರ್ಗನ್ನಿನ ಅರವತ್ತೊಂದು ಮನೆಗಳನ್ನು ದೊಡ್ಡ ಹಾಳೆಯ ಮೇಲೆ ಬರೆದು ಬಾಗಿಲ ಪಕ್ಕ ಅಂಟಿಸಿದೆವು. ಕಾಣಿಕೆ ಕೊಟ್ಟವರು ತಮ್ಮ ಮನೆಯ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಯಬಹುದು. ಕಪ್ಪು ಮನೆ ಯಾರಿಗೂ ಬೇಡ! ಗಡಿಯಾರದಣ್ಣನ ಹೆಂಡತಿ, "ಅದು ಗಿಡ್ಡಕ್ಕಿದೆ, ಬೆಲೆ ಕಮ್ಮಿ ಮಾಡಿ" ಎಂದು ಬಾಗಿಲಲ್ಲೇ ಚೌಕಾಸಿಗೆ ನಿಂತರು. ಹಾಡಿನ ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ದಿನ ಹಾಡುತ್ತೇವೆ, ಹಾಡಿಗಿಷ್ಟು ಕೊಡಿ ಎಂದು ಊರೆಲ್ಲ ತಿರುಗಿದೆವು. ಸಂಜೆಯ ಹೊತ್ತಿಗೆ ನಾಲ್ಕು ಜನರ ಗಂಟಲು ಉಳಿದಿತ್ತು. ಸ್ತ್ರೀ ಸಂಘದಿಂದ ಎಂಬತ್ತು ದಿಂಬಿನ ಚೀಲ ಹೊಲಿದೆವು, ಸಂಘ ಎಂದರೆ ಅದರಲ್ಲಿ ಅರವತ್ತು ಹೊಲಿದವಳು ನಾನೊಬ್ಬಳೇ. ಹಳೇ ಸಾಮಾನಿನ ಮಾರಾಟದಲ್ಲಿ ಅಪ್ಪನ ಟೊಪ್ಪಿಗೆಯನ್ನು ಅವರಿಗೆ ತಿಳಿಸದೆ ಇಟ್ಟಿದ್ದೆ. ಅವರು ಅದನ್ನೇ ಇಷ್ಟಪಟ್ಟು ಕೊಂಡು ತಂದು, "ನನ್ನ ಹಳೇದಕ್ಕಿಂತ ಚೆನ್ನಾಗಿ ಕೂರುತ್ತೆ" ಎಂದು ಕನ್ನಡಿಯ ಮುಂದೆ ನಿಂತರು. ಸುಗ್ಗಿಯ ಆರಾಧನೆಯ ಹರಾಜಿನಲ್ಲಿ ಒಂದು ಕುಂಬಳಕಾಯಿ ನಾಲ್ಕು ಸಲ ಮಾರಾಟವಾಯಿತು, ಕೂಗಿದವರೆಲ್ಲ ಮತ್ತೆ ಮೇಜಿನ ಮೇಲೇ ಇಟ್ಟರು. ಐದನೆಯವರು ಮನೆಗೆ ಒಯ್ದರಲ್ಲ, ಅವರ ಮೇಲೆ ಎಲ್ಲರಿಗೂ ಸ್ವಲ್ಪ ಮುನಿಸು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರಲ್ಲ, ಹೀಗೇ ಹಾಳೆ ತುಂಬಿತು. ಕಟ್ಟಕಡೆಯ ಮನೆಯನ್ನು ನಾನು ಯಾರಿಗೂ ಕೊಡಲಿಲ್ಲ. ದಿಂಬು ಹೊಲಿದ ಕೈಯಲ್ಲೇ ಬೇರೆಯವರ ಬಟ್ಟೆ ಹೊಲಿದು ಕೂಡಿಸಿ, ಅಲ್ಲಿ 'ಗುಬ್ಬಿ' ಎಂದು ಬರೆದೆ.

ನಿನ್ನೆ ಆರ್ಗನ್ ಅಂಗಡಿಯಿಂದ ರಿಪೇರಿಯವನು ಬಂದ. ಹಳೆಯ ಆರ್ಗನ್ ನೋಡಿ, ಅದನ್ನು ಎಷ್ಟಕ್ಕೆ ತೆಗೆದುಕೊಳ್ಳಬಹುದು ಎಂದು ಹೇಳುವುದಕ್ಕೆ. ದೇವಾಲಯದಲ್ಲಿ ಇದ್ದವರು ನಾವಿಬ್ಬರು, ಹೊರಗಿನ ಮೆಟ್ಟಿಲು ತೊಳೆಯುತ್ತಿದ್ದವಳು, ಬೆಂಚಿನ ಮೇಲೆ ಮಲಗಿದ್ದ ಅವಳ ಎಂಟು ತಿಂಗಳ ಕೂಸು. ನಾನು ತಿದಿ ತುಳಿದೆ, ಅವನು ಎಡಗಡೆಯಿಂದ ಒಂದೊಂದೇ ಮನೆ ಒತ್ತುತ್ತಾ ಬಂದ. ಕೊನೆಯ ಎಂಟು ಬಂದಾಗ, ನೋಡು ಈಗ, ಎಂಬಂತೆ ಅವನ ಮುಖ ನೋಡಿದೆ. ಅವನು ತಲೆಯಾಡಿಸುತ್ತಾ ಮುಂದೆ ಮುಂದೆ ಹೋದ. ಕಟ್ಟಕಡೆಯದನ್ನು ಒತ್ತಿದಾಗ ಕೂಸು ಬೆಚ್ಚಿ ಎದ್ದು, ನೇರ ಆರ್ಗನ್ನಿನ ಕಡೆ ತಿರುಗಿ ನೋಡಿತು. ನನಗೆ ಏನೂ ಇಲ್ಲ. ಮತ್ತೆ ಒತ್ತಿ ಎಂದೆ. ಒತ್ತಿದ. ಕೂಸು ಮತ್ತೆ ಕತ್ತು ತಿರುಗಿಸಿತು. ನನ್ನ ಮುಖ ನೋಡಿ ಅವನಿಗೆ ಏನು ಅರ್ಥವಾಯಿತೋ, ಹಿಂದಿನ ಹಲಗೆ ಬಿಚ್ಚಿ, ನನ್ನ ಬೆರಳನ್ನು ಒಳಗಿನ ಮರದ ಚೌಕಟ್ಟಿನ ಮೇಲೆ ಇಡಿಸಿ ಇನ್ನೊಮ್ಮೆ ಒತ್ತಿದ. ಬೆರಳ ತುದಿ ಜುಮ್ ಎಂದಿತು. "ಅಮ್ಮಾ, ಪೆಟ್ಟಿಗೇಲಿ ಏನೂ ತೊಂದ್ರೆ ಇಲ್ಲ, ಇನ್ನೂ ಐವತ್ತು ವರ್ಷ ಹಾಡುತ್ತೆ" ಎಂದು ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದು ನನಗೆ ತಿಳಿಯಲಿಲ್ಲ, ಅವನೇ ಪಾಪ ಎರಡನೇ ಸಲ ಕೂಗಿ ಹೇಳಿದ. ಗಾಡಿ ಹೊರಡುವವರೆಗೂ ಆರ್ಡರ್ ವಾಪಸ್ ಪಡೆಯಬಹುದಂತೆ. "ಹೇಳೋದು ಬಿಡೋದು ನಿಮ್ಮಿಷ್ಟ, ನಾನಂತೂ ಬಾಯಿ ಬಿಡಲ್ಲ" ಅಂದು ಚೀಲ ಕಟ್ಟಿಕೊಂಡು ಹೋದ.

ಈಗ ಈ ಕಾಗದದ ಮೊದಲ ಪುಟ ಓದಿ ನೋಡಿದೆ. ಅಪ್ಪನ ಮೀಸೆ, ಯಂತ್ರದ ಎಣ್ಣೆ, ಊರು ಬಿಟ್ಟ ಗುಬ್ಬಿಗಳು. ನಿನ್ನೆ ಎಲ್ಲ ಗೊತ್ತಾದ ಮೇಲೂ ಇವತ್ತು ಕೂತು ಅದನ್ನೇ ಬರೆದಿದ್ದೇನೆ ನೋಡು! ಹೊಡೆದು ಹಾಕೋಣ ಎಂದುಕೊಂಡೆ, ಆಮೇಲೆ ಇರಲಿ ಎಂದು ಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳೇ ಎಷ್ಟೋ ವಾಸಿ, ಅಂದು ಸುಮ್ಮನಾದಳು. ನಾನು ಆ ನೆಲ ಕಿತ್ತು ಹೊಸದು ಹಾಕಿಸಲು ಊರೆಲ್ಲ ಚಂದಾ ಎತ್ತಿದ್ದೇನೆ.

ನನಗೆ ಭಯವಾಗುತ್ತಿದೆ ಗುಬ್ಬೀ. ನಲವತ್ತೊಂದು ವರ್ಷ ಆ ಬೆಂಚಿನ ಮೇಲೆ ಕೂತವಳು ನಾನು. ಕಿವಿ ಹೋಯಿತು ಎಂದರೆ ಎದ್ದು ಬರಬೇಕು, ಎದ್ದು ಬಂದ ಮೇಲೆ ಭಾನುವಾರ ನಾನು ಯಾರು? ಗಡಿಯಾರದಣ್ಣನ ಮಾನವನ್ನೂ ನಾನೇ ಕಳೆಯಬೇಕು, 'ಟಿಕ್ ಟಿಕ್ ಕೇಳಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಕಿವಿಯಿಲ್ಲವಂತೆ' ಎಂದರೆ ಅವರ ಅಂಗಡಿಗೆ ಯಾರು ಹೋಗುತ್ತಾರೆ? ಸುಮ್ಮನಿದ್ದುಬಿಡೋಣ ಎಂದರೆ, ಭಾನುವಾರ ಅಯ್ಯನವರು ಹಾಳೆ ನೋಡಿ ಒಂದೊಂದು ಮನೆಯ ಹೆಸರು ಕರೆಯುತ್ತಾರೆ, ನಾನು ಅವರವರ ಮನೆ ಒತ್ತಬೇಕು. ಕೊನೆಯ ಎಂಟು ಮನೆಯವರು ಎದ್ದು ನಿಂತಾಗ ನಾನು ಕೇಳಿಸಿದವಳ ಹಾಗೆ ನಗುತ್ತಾ ಕೂರಬೇಕು. ಸೋರುವ ಸೂರಿನ ಕೆಳಗೆ ಮೂಲೆಗೆ ಸರಿದ ಮಕ್ಕಳೂ ಅಲ್ಲೇ ಕೂತಿರುತ್ತಾರೆ. ಅಪ್ಪನಿಗೂ ಇನ್ನೂ ಹೇಳಿಲ್ಲ. ಶುಕ್ರವಾರ ಬೇಗ ಬರುತ್ತದೋ ಬರುವುದೇ ಬೇಡವೋ, ಒಂದೂ ಗೊತ್ತಾಗುತ್ತಿಲ್ಲ.

ನಿನ್ನ ಭುಜಕ್ಕೆ ರಾತ್ರಿ ಬಿಸಿನೀರಿನ ಬಟ್ಟೆ ಇಟ್ಟುಕೋ. ಅಪ್ಪ ನಿನ್ನನ್ನು ತುಂಬಾ ಕೇಳಿದರು. ನೀನು ನಿಂತಲ್ಲಿ ಕೂತಲ್ಲಿ ದೇವರು ನಿನ್ನ ಬೆನ್ನಿಗಿರಲಿ, ನಿನ್ನ ಕಣ್ಣಿಗೆ, ಕೈಗೆ, ಕಿವಿಗೆ ಏನೂ ಬಾರದಿರಲಿ.

ನಿನ್ನ,
ಅಮ್ಮ

ಇನ್ನೊಂದು ಮಾತು. ಬುಧವಾರ ಬೆಳಿಗ್ಗೆ, ಅಂಚೆ ತೆಗೆಯುವುದಕ್ಕೆ ಕಾಲು ಗಂಟೆ ಇದೆ, ಅಕ್ಷರ ಸೊಟ್ಟವಾದರೆ ಬೈಯಬೇಡ. ಅಪ್ಪನಿಗೆ ಹೇಳಿದೆ. "ನಾನು ಗೊಣಗ್ತಿಲ್ಲ ಕಣೇ, ಮೂರು ವರ್ಷದಿಂದ ಕಿರುಚ್ತಿದ್ದೀನಿ" ಅಂದರು. ಕಿಟಕಿಯಲ್ಲಿ ಗುಬ್ಬಿಗಳೂ ಇವೆಯಂತೆ. ಹತ್ತು ಗಂಟೆಗೆ ಗಡಿಯಾರದಣ್ಣನ ಅಂಗಡಿಗೆ ಹೋಗಿ ಹೇಳುತ್ತೇನೆ, ಅಲ್ಲಿಂದ ಅಯ್ಯನವರ ಮನೆಗೆ. ಆದರೆ ಅವರೆಲ್ಲರಿಗಿಂತ ಮೊದಲು ನಿನಗೆ ಹೇಳಬೇಕಾದದ್ದನ್ನು ಇಷ್ಟು ಪುಟ ಬರೆದೂ ಬರೆಯಲಿಲ್ಲ. ಅವತ್ತು ನೀನು "ಬಾರಿಸಿದ್ದೀನಮ್ಮ, ಕೇಳಿಸ್ಲಿಲ್ವಾ?" ಅಂದೆ. ನಾನು "ದೇವರ ಮನೇಲಿ ಕೂತು ಸುಳ್ಳು ಹೇಳ್ಬೇಡ" ಅಂದೆ, ಇಡೀ ಸಭೆಯ ಮುಂದೆ. ನೀನು ಬಾರಿಸಿದ್ದೆ. ಎಂಟಕ್ಕೆ ಎಂಟೂ ಬಾರಿಸಿದ್ದೆ. ಅರ್ಧ ತಪ್ಪು ಕಾಲು ತಪ್ಪು ಎಂದು ಹಂಚುವುದಕ್ಕೇನಿಲ್ಲ, ಪೂರ್ತಿ ನನ್ನದೇ. ಆ ಮಾತು ಕೇಳಿದವರೆಲ್ಲ ಈ ಮಾತನ್ನೂ ಕೇಳಬೇಕು, ಭಾನುವಾರ ಎದ್ದು ನಿಂತು ಹೇಳುತ್ತೇನೆ. ಹಳೆಯ ಆರ್ಗನ್ನೇ ಇರುತ್ತದೆ, ಕೂಡಿದ ಹಣ ಮಕ್ಕಳ ಸೋರುವ ಸೂರಿಗೆ ಆಗಲಿ. ಹೆಸರು ಕರೆದಾಗ ಐವತ್ತಮೂರು ಮನೆ ನಾನು ಒತ್ತುತ್ತೇನೆ, ಕೊನೆಯ ಎಂಟು ನೀನು ಒತ್ತಬೇಕು. ನನ್ನ ಬೆರಳು ಆ ಚೌಕಟ್ಟಿನ ಮೇಲಿರುತ್ತದೆ. ಬರುತ್ತೀಯೋ ಇಲ್ಲವೋ ಎಂದು ಫೋನ್ ಮಾಡಬೇಡ, ನನಗೆ ಕೇಳಿಸುವುದಿಲ್ಲ. ಬಾ.