ಸೆಟ್ಲ್ ಆದವಳ ಸಾಲ ತೀರುವುದು ಯಾವಾಗ?

ಬ್ಯಾಂಕಿನ ಕ್ರೆಡಿಟ್ ಕಾರ್ಡು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸೋಮವಾರ ನಿಮ್ಮ ಬ್ಯಾಂಕು ನನ್ನನ್ನು ಅಭಿನಂದಿಸಿತು, ಗುರುವಾರ ತಿರಸ್ಕರಿಸಿತು. ‘ಅಭಿನಂದನೆಗಳು ಸೌಮ್ಯ, ನಿಮ್ಮ ಕ್ರೆಡಿಟ್ ಕಾರ್ಡ್ ಸಿದ್ಧವಾಗಿದೆ’ ಎಂದು ಮೊಬೈಲಿಗೆ ಸಂದೇಶ ಕಳಿಸಿದವರೂ ನೀವೇ, ಅದನ್ನು ನಂಬಿ ಅರ್ಜಿ ಹಾಕಿದ ಮೇಲೆ ‘ಆಂತರಿಕ ನೀತಿಯನ್ವಯ ಸಾಧ್ಯವಿಲ್ಲ’ ಎಂದವರೂ ನೀವೇ. ಹಳೆಯ ಸಾಲವನ್ನು ಬಡ್ಡಿ ಸಮೇತ ಕಟ್ಟಿ ಮುಗಿಸಿದವಳಿಗೆ ಒಂದು ಕಾರ್ಡು ಕೊಡಲಾಗದಷ್ಟು ಭಯ ನಿಮಗೆ ಯಾವುದರದು? ಈ ಪ್ರಶ್ನೆಯನ್ನು ರಾಮನಗರದ ಶಾಖೆಯಲ್ಲಿ ಕೇಳಿದೆ. ಸಹಾಯವಾಣಿಯಲ್ಲಿ ಕೇಳಿದೆ, ಅಲ್ಲಿ ಸಂಗೀತ ಚೆನ್ನಾಗಿತ್ತು, ಉತ್ತರ ಇರಲಿಲ್ಲ. ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದೇನೆ.

ನಿಮಗೆ ಮರೆವು ಇರಬಹುದು, ನನಗಿಲ್ಲ. ಮೊದಲ ಕಾರ್ಡನ್ನು ನಾನು ಕೇಳಿ ಪಡೆದದ್ದಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಗೇಟಿನ ಬಳಿ ದೊಡ್ಡ ಕೊಡೆ ನೆಟ್ಟು, ಉರಿಬಿಸಿಲಲ್ಲಿ ಟೈ ಕಟ್ಟಿಕೊಂಡು ನಿಂತಿದ್ದ ನಿಮ್ಮ ಹುಡುಗರು ಹರಾಜು ಮುಗಿಸಿ ಬರುತ್ತಿದ್ದ ನನ್ನನ್ನು ತಡೆದು, ‘ಲೈಫ್‌ಟೈಮ್ ಫ್ರೀ ಮೇಡಂ, ಆಧಾರ್ ಒಂದ್ ಕೊಡಿ ಸಾಕು’ ಎಂದರು. ಅಂದು ನನ್ನ ಅರ್ಹತೆಯ ಬಗ್ಗೆ ನಿಮಗೆ ಯಾವ ಅನುಮಾನವೂ ಇರಲಿಲ್ಲ. ಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕ ನನ್ನದು. ಲಾಕ್‌ಡೌನಿನಲ್ಲಿ ನೂಲು ಕೇಳುವವರಿಲ್ಲದೆ ಘಟಕ ಮುಚ್ಚಿತು. ಕೆಲಸದ ಹೆಂಗಸರ ಮನೆಗೆ ಆಗ ದಿನಸಿ ಹೋದದ್ದು ನಿಮ್ಮ ಆ ಕಾರ್ಡಿನಿಂದ. ಆಮೇಲೆ ಕಂತು ತಪ್ಪಿತು. ತಪ್ಪಿದ್ದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ವಸೂಲಿಯವರು ನನಗಷ್ಟೇ ಅಲ್ಲ, ಎದುರು ಮನೆಯ ನಾಗಲಕ್ಷ್ಮಮ್ಮನವರಿಗೂ ಫೋನು ಮಾಡಿದರು. ಆಕೆ ಬಾಗಿಲಲ್ಲಿ ನಿಂತು, ‘ಏ ಸೌಮ್ಯ, ಬ್ಯಾಂಕ್ನೋರು ನಂಗ್ಯಾಕೆ ಫೋನ್ ಮಾಡ್ತಾವ್ರೆ? ನಾನೇನ್ ನಿನ್ ಸೆಕ್ರೆಟ್ರಿನಾ?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಕೊನೆಗೆ ನಿಮ್ಮ ಕಡೆಯವನೊಬ್ಬ ಮನೆಗೇ ಬಂದ. ಕೊಟ್ಟ ಕಾಫಿ ಕುಡಿದ. ‘ಯಾಕಕ್ಕ ತಲೆ ಕೆಡಿಸ್ಕೊಂಡಿದೀರ? ಒಸಿ ಬುಟ್ಕೊಡ್ತಾರೆ, ಮಿಕ್ಕಿದ್ದು ಕಟ್ಬುಡಿ, ಸೆಟ್ಲ್ ಆಗೋಯ್ತದೆ. ಆಮೇಲೆ ನೀವ್ಯಾರೋ ನಾವ್ಯಾರೋ’ ಎಂದ. ನಮ್ಮ ಕಡೆ ಸೆಟ್ಲ್ ಎಂಬುದು ಎಷ್ಟು ಒಳ್ಳೆಯ ಮಾತು, ನಿಮಗೆ ಗೊತ್ತೇ? ಹೆಣ್ಣು ಕೊಡುವವರು ಮೊದಲು ಕೇಳುವುದೇ ‘ಹುಡ್ಗ ಸೆಟ್ಲ್ ಆಗವ್ನಾ?’ ಎಂದು. ಜಾಗದ ವ್ಯಾಜ್ಯ ಬಗೆಹರಿದರೆ ಸೆಟ್ಲ್, ಅಣ್ಣತಮ್ಮಂದಿರು ಮಾತು ಬಿಟ್ಟು ಮತ್ತೆ ಕೂಡಿದರೆ ಸೆಟ್ಲ್, ಕೆಟ್ಟ ಹೊಟ್ಟೆ ಸರಿಹೋದರೂ ಸೆಟ್ಲ್. ನಾನೂ ಹಾಗೇ ತಿಳಿದು ಸಹಿ ಹಾಕಿದೆ. ನಿಮ್ಮ ನಿಘಂಟಿನಲ್ಲಿ ಮಾತ್ರ ‘ಸೆಟಲ್ಡ್’ ಎಂದರೆ ಪೂರ್ತಿ ಕಟ್ಟದೆ ಕೈಯೆತ್ತಿದವಳು ಎಂದರ್ಥ. ಅದು ನನ್ನ ಸಾಲದ ಚರಿತ್ರೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಪ್ರತಿಯೊಂದು ಬ್ಯಾಂಕೂ ಅದನ್ನು ಓದಿ ನನ್ನನ್ನು ಅಳೆಯುತ್ತದೆ ಎಂಬುದನ್ನು ಕಾಫಿ ಕುಡಿದವನು ಹೇಳಲಿಲ್ಲ. ತಿಳಿದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ನೀವು ಬಿಟ್ಟುಕೊಟ್ಟ ಹಣವನ್ನೂ ಹೊಂದಿಸಿ ತಂದು ಕಟ್ಟಿದೆ. ‘ಯಾವ ಬಾಕಿಯೂ ಇಲ್ಲ’ ಎಂದು ಮೊಹರು ಒತ್ತಿ ಪತ್ರ ಕೊಟ್ಟವರು ನೀವೇ. ಅದಾಗಿ ಎರಡು ವರ್ಷ. ಚರಿತ್ರೆಯಲ್ಲಿ ಇಂದಿಗೂ ಅದೇ ಪದ ಕೂತಿದೆ.

ಆ ಕಾಲದಲ್ಲೇ, ಮುಚ್ಚಿದ ಘಟಕವನ್ನು ಮತ್ತೆ ತೆರೆದಾಗ, ಪಕ್ಕದ ಘಟಕದ ಇದ್ರೀಸ್ ಸಾಹೇಬರಲ್ಲಿ ಗೂಡು ಕೊಳ್ಳಲು ಕೈಸಾಲ ಮಾಡಿದ್ದೆ. ಅವರ ಬಾಯಿ ಸಿಹಿಯೇನಲ್ಲ. ಮಾರುಕಟ್ಟೆಯ ನಡುವೆ ನಿಲ್ಲಿಸಿ ಕೇಳಿದ್ದಾರೆ, ಒರಟಾಗಿಯೇ ಕೇಳಿದ್ದಾರೆ. ಆದರೆ ಕೊಟ್ಟು ಮುಗಿಸಿದ ದಿನ ಪ್ರೋನೋಟನ್ನು ನನ್ನೆದುರೇ ಹರಿದು ಗೂಡು ಬೇಯುವ ಒಲೆಗೆ ಹಾಕಿದರು. ‘ಮುಗೀತು ಕಣಮ್ಮ. ಇನ್ ಆ ಮಾತು ನಿಂದೂ ಅಲ್ಲ, ನಂದೂ ಅಲ್ಲ’ ಎಂದರು. ಅಂದಿನಿಂದ ಎತ್ತಿಲ್ಲ. ಮೊನ್ನೆ ನಿಮ್ಮ ವಿಷಯ ಹೇಳಿದಾಗ ಅವರು, ‘ದುಡ್ಡೂ ಈಸ್ಕೊಂಡು ನೋಟೂ ಇಟ್ಕೊಂಡವ್ರಾ? ನಾನಂಗ್ ಮಾಡಿದ್ರೆ ಮೀಟರ್ ಬಡ್ಡಿಯೋನು ಅಂತ ಪೊಲೀಸ್ನೋರು ಎಳ್ಕೊಂಡೋಗ್ತಾರೆ’ ಎಂದರು.

ಕನ್ನಡದಲ್ಲಿ ಸಾಲ ತೀರುತ್ತದೆ. ಮನುಷ್ಯರೂ ತೀರಿಕೊಳ್ಳುತ್ತಾರೆ. ಎರಡು ಕಡೆಯೂ ಆ ಪದಕ್ಕೆ ಒಂದೇ ಗುಣ: ತೀರಿದ್ದು ಎದ್ದು ಬರುವುದಿಲ್ಲ. ನನ್ನ ಸಾಲವನ್ನು ಮಾತ್ರ ನೀವು ಸಾಯಲೂ ಬಿಡದೆ ಬದುಕಲೂ ಬಿಡದೆ ಕಂಪ್ಯೂಟರಿನಲ್ಲಿ ಕೂರಿಸಿದ್ದೀರಿ.

ಕಾರ್ಡು ನನಗೆ ಶೋಕಿಗೆ ಬೇಕಿಲ್ಲ. ಮಗಳು ಸಿರಿ ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದಾಳೆ. ಮೊದಲ ವರ್ಷದ ಶುಲ್ಕವನ್ನು ಕೂಡಿಟ್ಟಿದ್ದರಲ್ಲಿ ಕಟ್ಟಿದೆವು. ಮುಂದಿನದಕ್ಕೆ ಶಿಕ್ಷಣ ಸಾಲ ಬೇಕು, ಅದಕ್ಕೆ ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಬೇಕು. ನನ್ನ ಗಂಡ ಅಶ್ವಥ್ ಹೊಂಗನೂರಿನಲ್ಲಿ ಹಿಪ್ಪುನೇರಳೆ ಬೆಳೆಯುವವರು, ಜೀವಮಾನದಲ್ಲಿ ಬ್ಯಾಂಕಿನ ಸಾಲ ಮುಟ್ಟಿದವರಲ್ಲ. ಆದ್ದರಿಂದ, ಸಾಲದ ಚರಿತ್ರೆ ನೋಡಿ ಅಂಕ ಕೊಡುತ್ತಾರಲ್ಲ, ಅವರಿಗೆ ಆ ‘ಸ್ಕೋರೇ ಇಲ್ಲ’ವಂತೆ. ಸಾಲ ಮಾಡದವನನ್ನು ನಂಬುವುದಿಲ್ಲ, ಮಾಡಿ ತೀರಿಸಿದವಳನ್ನೂ ನಂಬುವುದಿಲ್ಲ. ಹಾಗಾದರೆ ನೀವು ನಂಬುವುದು ಯಾರನ್ನು? ಸಾಲ ಎತ್ತಿಕೊಂಡು ವಿಮಾನ ಹತ್ತಿದವರನ್ನೇ?

ದಾರಿ ತೋರಿಸಿದವರು ನಿಮ್ಮ ಶಾಖೆಯ ಮ್ಯಾನೇಜರೇ. ‘ಒಂದು ಸಣ್ಣ ಕಾರ್ಡ್ ತಗೊಳ್ಳಿ, ಸರಿಯಾಗಿ ಕಟ್ಕೊಂಡು ಬನ್ನಿ, ಸ್ಕೋರ್ ಏರುತ್ತೆ. ಆಮೇಲೆ ಮಗಳ ಲೋನ್ ನೋಡೋಣ’ ಎಂದರು. ಅದೇ ವಾರ ನಿಮ್ಮ ಅಭಿನಂದನೆಯೂ ಬಂತು, ಅರ್ಜಿ ಹಾಕಿದೆ. ಸ್ಕೋರ್ ಸಾಲದೆಂದು ಕಾರ್ಡಿಲ್ಲ. ಕಾರ್ಡಿಲ್ಲದೆ ಸ್ಕೋರ್ ಏರುವುದಿಲ್ಲ. ಗಾಣದ ಎತ್ತಿಗಾದರೂ ಸುತ್ತಿದ್ದಕ್ಕೆ ಹಿಂಡಿ ಸಿಗುತ್ತದೆ. ಮತ್ತೆ ಹೋಗಿ ಕೇಳಿದರೆ, ‘ಎಫ್‌ಡಿ ಇಡಿ ಮೇಡಂ, ಅದ್ರ ಮೇಲೆ ಕೊಡ್ತೀವಿ’ ಎಂದರು. ನನ್ನ ದುಡ್ಡನ್ನು ನಿಮ್ಮಲ್ಲಿ ಕಟ್ಟಿಹಾಕಿ, ಅದನ್ನೇ ನನಗೆ ಸಾಲವೆಂದು ಕೊಡುವ ಈ ಉಪಕಾರವನ್ನು ಏನೆಂದು ಹೊಗಳಲಿ? ಅಷ್ಟು ದುಡ್ಡಿದ್ದಿದ್ದರೆ ಕಾಲೇಜಿಗೇ ಕಟ್ಟುತ್ತಿರಲಿಲ್ಲವೇ? ದಸರೆಯೊಳಗೆ ಶುಲ್ಕ ಕಟ್ಟಬೇಕು. ಮೊನ್ನೆ ಊಟಕ್ಕೆ ಕೂತಾಗ ಸಿರಿ ಮುದ್ದೆ ಮುರಿಯುತ್ತಾ, ‘ಅಮ್ಮ, ನೀನ್ ಸೆಟ್ಲ್ ಆಗ್ಬುಟ್ಟಿರೋದ್ಕೆ ನಾನ್ ಸೆಟ್ಲ್ ಆಗಕ್ಕಾಯ್ತಿಲ್ಲ’ ಎಂದಳು. ಅಶ್ವಥ್ ನಕ್ಕರು. ಅವಳೂ ನಕ್ಕಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮಾನ್ಯರೇ, ನಾನು ದಯೆ ಕೇಳುತ್ತಿಲ್ಲ. ನನ್ನ ಚರಿತ್ರೆಯಿಂದ ‘ಸೆಟಲ್ಡ್’ ತೆಗೆದು, ಪೂರ್ತಿ ಕಟ್ಟಿ ಮುಗಿಸಿದ್ದಾಳೆ ಎಂಬ ನಿಜವನ್ನು ಈ ತಿಂಗಳೊಳಗೆ ಬರೆಸಿ. ಆಮೇಲೆ ನನ್ನ ಅರ್ಜಿಯನ್ನು ಮತ್ತೆ ನೋಡಿ. ಕೊಡುವುದಿಲ್ಲವೆಂದರೆ ‘ಆಂತರಿಕ ನೀತಿ’ಯ ಹಿಂದೆ ಅಡಗದೆ ಕಾರಣ ಬರೆದು ತಿಳಿಸಿ. ಮನೆಮನೆಗೆ ಹೋಗಿ ಕಾಫಿ ಕುಡಿಯುವ ನಿಮ್ಮವರಿಗೆ, ಸಹಿ ಹಾಕಿಸುವ ಮುನ್ನ ಆ ಪದದ ಅರ್ಥ ಹೇಳಬೇಕೆಂದು ಕಲಿಸಿ. ಅಲ್ಲಿಯವರೆಗೆ ದಯಮಾಡಿ ನನ್ನನ್ನು ಅಭಿನಂದಿಸಬೇಡಿ.

ನನ್ನ ಬಾಕಿ ಮುಗಿಯಿತು. ಈಗ ಬಾಕಿ ಉಳಿಸಿಕೊಂಡವರು ನೀವು, ‘ತೀರಿದೆ’ ಎಂಬ ಒಂದೇ ಒಂದು ಪದವನ್ನು. ಅದನ್ನು ಕಂತಿನಲ್ಲಿ ಬೇಡ, ಪೂರ್ತಿ ಕೊಡಿ. ಸೆಟಲ್‌ಮೆಂಟಿಗೆ ನಾನು ಒಪ್ಪುವುದಿಲ್ಲ.

ಇಂತಿ,
ಬಾಕಿಯಿಲ್ಲದ ನಿಮ್ಮ ಬಾಕಿದಾರಳು,
ಸೌಮ್ಯ ಅಶ್ವಥ್
ರಾಮನಗರ