ಹಳೇ ಮಷಿನ್ನಿನಲ್ಲಿ ಉಳಿದ ಶತರಂಜ್

ಪಾರ್ವತಿನಗರ, ಬಳ್ಳಾರಿ
14-11-2009

ಪ್ರೀತಿಯ ಅಲ್ತಾಫಣ್ಣನಿಗೆ ತಂಗಿ ಫರ್ಜಾನಾಳ ಸಲಾಮ್.

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಒಗ್ಗಾಣಿ ಮಿರ್ಚಿಯಲ್ಲೇ ದಿನ ದೂಡುತ್ತೀಯೋ? ಆ ಕಡೆ ನಮ್ಮಂಥ ಒಗ್ಗಾಣಿ ಎಲ್ಲಿ ಸಿಗಬೇಕು, ಬಿಡು. ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರುತ್ತಿಲ್ಲ. ಕುರುಗೋಡಿನ ಓಬಳೇಶ ಅದಿರು ಇಳಿಸಲು ಬಂದರಿಗೆ ಹೋದಾಗ ಅಲ್ಲಿಯ ಲಾರಿ ಗ್ಯಾರೇಜಿನಲ್ಲಿ ನಿನ್ನನ್ನು ಕಂಡನಂತೆ. ಅವನು ಕೊಟ್ಟ ವಿಳಾಸವನ್ನೇ ನಂಬಿ ಬರೆಯುತ್ತಿದ್ದೇನೆ.

ಜೀನ್ಸ್ ಹೊಲಿಯುವುದು ಬಿಟ್ಟು ಅದಿರು ಲಾರಿ ಹತ್ತುತ್ತೇನೆ ಎಂದು ನೀನು ಹಟ ಹಿಡಿದಾಗ ಅಬ್ಬಾ, "ಹಂಗಾದ್ರ ಈ ಹೊಸ್ತಿಲಾ ಮತ್ತ ತುಳೀಬ್ಯಾಡ" ಅಂದರು. ನೀನೇನು ಕಡಿಮೆಯೇ, ಮೊಬೈಲ್ ನಂಬರನ್ನೇ ಬದಲಿಸಿದೆ. ಹೋಗುವ ಮುಂಚೆ ವಿಜಯಕುಮಾರನ ನೆಟ್ ಸೆಂಟರಿನಲ್ಲಿ ದೂರದಿಂದಲೇ ನಿನ್ನ ಜೊತೆ ಆಡಲೆಂದು ನನಗೆ ಶತರಂಜ್ ಆಟ ತೆರೆದುಕೊಟ್ಟೆಯಲ್ಲ, ಅದೊಂದೇ ಉಳಿಯಿತು. ನಮ್ಮ ಕಡೆಯ ಕಾಯಿ ಸರಿದ ಮೇಲೆ ಒಂದೆರಡು ದಿನದಲ್ಲಿ ನಿನ್ನ ಕಾಯಿ ಸರಿದಿರುತ್ತಿತ್ತು. ನೀನು ಜೀವಂತ ಇದ್ದೀಯ ಎನ್ನಲು ನಮಗೆ ಬೇರೆ ಗುರುತೇ ಇರಲಿಲ್ಲ. ಬಂದರಿನ ದಾರಿಯಲ್ಲಿ ಲಾರಿ ಉರುಳಿತು ಎಂದು ಪೇಪರಿನಲ್ಲಿ ಬಂದರೆ ಸಾಕು, ಅಮ್ಮಿ ನನ್ನನ್ನು ನೆಟ್ ಸೆಂಟರಿಗೆ ಓಡಿಸುತ್ತಿದ್ದಳು.

ಈಗ ಆಟದವರು ಅದೇನೋ ಹೊಸದು ಮಾಡಿದ್ದಾರಂತೆ. ತೆರೆದರೆ ನಿಮ್ಮ ಬ್ರೌಸರ್ ಹಳೆಯದು, ಇದರಲ್ಲಿ ಆಟ ನಡೆಯುವುದಿಲ್ಲ ಎಂಬ ಸಾಲು ಬರುತ್ತದೆ, ಮಣೆ ಬರುವುದಿಲ್ಲ. ಹೊಸ ಬ್ರೌಸರ್ ಹಾಕು ಎಂದು ವಿಜಯಕುಮಾರನ ಬೆನ್ನುಬಿದ್ದೆ. "ಇದರಾಗ ಅದು ಕುಂದ್ರಂಗಿಲ್ಲಕ್ಕಾ, ಮಷಿನ್ನಾ ಹಳೇದೈತಿ" ಅಂದ. ನನ್ನ ಮೊಬೈಲಿನಲ್ಲಿ ಬರೀ ಬೂದು ಚೌಕ. ಬಸ್ಸು ಹತ್ತಿ ಸಿರುಗುಪ್ಪಕ್ಕೆ ಸುಲ್ತಾನಾ ಚಿಕ್ಕಮ್ಮನ ಮನೆಗೆ ಹೋದೆ. ಅವರ ಹೊಸ ಕಂಪ್ಯೂಟರಿನಲ್ಲಿ ಮಣೆ ಕಂಡಾಗ ಕಣ್ಣಲ್ಲಿ ನೀರೇ ಬಂತು. ನೋಡಿದರೆ ಅದು ಹೊಸ ಆಟ, ಕಾಯಿಗಳೆಲ್ಲ ಮೊದಲಿನ ಮನೆಯಲ್ಲೇ ನಿಂತಿದ್ದವು. ನೀನು ನಿನಗೆ ಹೆಸರು ಬರೆಸಿಕೊಂಡು ನನ್ನನ್ನು ಅವಸರದಲ್ಲಿ ಬರೀ ‘ಅತಿಥಿ’ ಎಂದು ಒಳಗೆ ಬಿಟ್ಟಿದ್ದೆ. ಹಾಗಾಗಿ ನಮ್ಮ ಆಟ ವಿಜಯಕುಮಾರನ ಆ ಒಂದು ಮಷಿನ್ನಿಗೆ ಮಾತ್ರ ಗೊತ್ತು. ಗುರುತಿರುವ ಮಷಿನ್ ಒಳಗೆ ಬಿಡುವುದಿಲ್ಲ, ಒಳಗೆ ಬಿಡುವ ಮಷಿನ್ನಿಗೆ ನಮ್ಮ ಗುರುತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅಲ್ತಾಫ್ ಎಂದು ಹುಡುಕಿದರೆ ಸಾಲುಗಟ್ಟಿ ಅಲ್ತಾಫರು ಬರುತ್ತಾರೆ, ಅವರಲ್ಲಿ ನೀನು ಯಾರೆಂದು ತಿಳಿಯಲಿ? ನನಗೆ ಹೆದರಿಕೆಯಾಗುತ್ತಿದೆ, ಅಣ್ಣಾ. ಕಾಯಿ ಸರಿಯದೆ ಇರುವುದನ್ನು ನೋಡಿ, ಮನೆಯವರು ನಿನ್ನನ್ನು ಬಿಟ್ಟೇಬಿಟ್ಟರು ಎಂದುಕೊಂಡಿದ್ದೀಯಾ?

ಚಿಕ್ಕಮ್ಮನ ಮನೆಯಲ್ಲಿ ಕೆಂಚನಗುಡ್ಡ ಎಂದು ಇಂಗ್ಲಿಷಿನಲ್ಲಿ ಹೆಸರು ಬರೆಸಿ ಬಂದಿದ್ದೇನೆ. ನೀನು ಹೊಳೆಯಲ್ಲಿ ಚಪ್ಪಲಿ ಕಳೆದುಕೊಂಡು ಅತ್ತ ಊರು, ನೀನು ಮರೆತಿರಲಾರೆ. ಆ ಹೆಸರಿಗೆ ಹೊಸ ಆಟ ಕಳಿಸು. ಬೇರೇನೂ ಬರೆಯದಿದ್ದರೂ ನಡೆದೀತು, ಒಂದು ಕಾಯಿ ಸರಿಸು. ಅಮ್ಮಿಯ ದುವಾ ಸದಾ ನಿನ್ನ ಮೇಲಿದೆ.

ನಿನ್ನ ತಂಗಿ,
ಫರ್ಜಾನಾ

ತಾ.ಕ.: ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ, ಮುರಿಯುತ್ತಿದ್ದೇನೆ. ಆ ಆಟ ನಾನು ಆಡಿದ್ದೇ ಅಲ್ಲ. ಮೊದಲಿನಿಂದಲೂ ಅಬ್ಬಾ ಆಡಿದ್ದು. ಮೊದಲ ನಡೆಯಲ್ಲೂ ಮುಂದಿನ ಸಾಲಿನ ಪ್ಯಾದೆಯನ್ನು ಒಂದೇ ಮನೆ ದಾಟಿಸುವ ಹಳೇ ಪದ್ಧತಿ ನಮ್ಮ ಮನೆಯಲ್ಲಿ ಇನ್ನಾರದು? ಈಗಲೂ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಹೋಗಿ ಆ ಮಷಿನ್ ಮುಂದೆ ಕೂತು ಬರುತ್ತಾರೆ. ಬ್ರೌಸರಿನ ಮಾತು ಎಷ್ಟು ಹೇಳಿದರೂ ನಂಬುವುದಿಲ್ಲ. "ನಾನು ಅವನ ವಜೀರನ್ನ ಹೊಡದ್ನೆಲ್ಲ, ಸಿಟ್ಟಾಗಿ ಆಟ ಮುಚ್ಯಾನ. ಹೊಡೀಬಾರದಿತ್ತು" ಅನ್ನುತ್ತಾರೆ.